ಟೇಪರ್ ಉಕ್ಕಿನ ಬೀಮ್‌ಗಳು ಮತ್ತು ಬಕ್ಲಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಗೋದಾಮು ಮತ್ತು ಕಾರ್ಖಾನೆ ಶೆಡ್ಡುಗಳಲ್ಲಿ ಕಂಬದ ತಲೆಯ ಬಳಿ ಆಳವಾಗಿದ್ದು, ಮುಂದೆ ಹೋದಂತೆ ಕಿರಿದಾಗುತ್ತಾ ಸಾಗುವ, ಅಂದರೆ ಟೇಪರ್ ಆದ, ರಾಫ್ಟರುಗಳು (ಛಾವಣಿಯನ್ನು ಹೊರುವ ಬೀಮ್‌ಗಳು) ಈಗ ಎಲ್ಲೆಡೆ ಕಾಣುತ್ತವೆ. ಅವುಗಳ ವಿನ್ಯಾಸದಲ್ಲಿ ಬಕ್ಲಿಂಗ್ (ಒತ್ತಲ್ಪಟ್ಟ ಭಾಗ ಥಟ್ಟನೆ ಪಕ್ಕಕ್ಕೆ ಬಳುಕುವುದು) ಕುರಿತು ಕಿರಿಯ ಎಂಜಿನಿಯರುಗಳು, ವಿದ್ಯಾರ್ಥಿಗಳು ಮತ್ತು ಕೆಲವೊಮ್ಮೆ ಗುತ್ತಿಗೆದಾರರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಅಂಕಿಗಳು ಬೇಕಾದಲ್ಲೆಲ್ಲ ಒಂದೇ ಉದಾಹರಣೆಯನ್ನು ಬಳಸಿದ್ದೇನೆ: 6 ಮೀಟರ್ ಉದ್ದದ ರಾಫ್ಟರ್ ತುಂಡು, ಒಂದು ತುದಿಯಲ್ಲಿ ಒಟ್ಟು ಆಳ 800 ಮಿ.ಮೀ., ಇನ್ನೊಂದರಲ್ಲಿ 400 ಮಿ.ಮೀ.; ಐ ಆಕಾರದ ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳಾದ ಎರಡೂ ಫ್ಲ್ಯಾಂಜ್‌ಗಳು 200 ಮಿ.ಮೀ. ಅಗಲ, 10 ಮಿ.ಮೀ. ದಪ್ಪ, ಅವುಗಳ ನಡುವಿನ ನಿಂತ ಪ್ಲೇಟ್ ಆದ ವೆಬ್ 8 ಮಿ.ಮೀ. ದಪ್ಪ, ಉಕ್ಕಿನ ಯೀಲ್ಡ್ ಸ್ಟ್ರೆಸ್ (ಉಕ್ಕು ಶಾಶ್ವತವಾಗಿ ಬಾಗತೊಡಗುವ ಸ್ಟ್ರೆಸ್) 345 ಎಂಪಿಎ, ಅಂದರೆ ಚದರ ಮಿ.ಮೀ.ಗೆ 345 ನ್ಯೂಟನ್. ಲೋಡ್ ಫ್ಯಾಕ್ಟರ್ (ಸುರಕ್ಷತೆಗೆಂದು ಭಾರವನ್ನು ಹೆಚ್ಚಿಸುವ ಗುಣಕ) ಸೇರಿಸಿದ ಮೊಮೆಂಟ್, ಅಂದರೆ ಬೀಮನ್ನು ಬಾಗಿಸುವ ಪರಿಣಾಮ, ಆಳದ ತುದಿಯಲ್ಲಿ 400, ಕಿರಿದಾದ ತುದಿಯಲ್ಲಿ 160 ಕಿಲೋನ್ಯೂಟನ್-ಮೀಟರ್. ರಾಫ್ಟರಿನಲ್ಲಿರುವ ಅಕ್ಷೀಯ ಬಲವನ್ನು ಲೆಕ್ಕ ಸರಳವಾಗಲೆಂದು ಬಿಟ್ಟಿದ್ದೇನೆ. ನಿಜವಾದ ವಿನ್ಯಾಸದಲ್ಲಿ ಅದನ್ನು ಬಿಡುವಂತಿಲ್ಲ.

ಬೀಮನ್ನು ಟೇಪರ್ ಮಾಡುವುದರಿಂದ ನಿಜಕ್ಕೂ ಎಷ್ಟು ಉಳಿತಾಯವಾಗುತ್ತದೆ?

ಪೋರ್ಟಲ್ ಫ್ರೇಮಿನಲ್ಲಿ (ಎರಡು ಕಂಬ ಮತ್ತು ಅವುಗಳಿಗೆ ಗಟ್ಟಿಯಾಗಿ ಕೂಡಿದ ರಾಫ್ಟರುಗಳ ಚೌಕಟ್ಟು) ಮೊಮೆಂಟ್ ಕಂಬ ಮತ್ತು ರಾಫ್ಟರ್ ಕೂಡುವ ಜಾಗದಲ್ಲಿ ಅತಿ ಹೆಚ್ಚು. ಅಲ್ಲಿಂದ ಮುಂದೆ ಬೇಗ ಇಳಿಯುತ್ತದೆ. ಮೊಮೆಂಟ್ ಇಲ್ಲದ ಜಾಗಕ್ಕೂ 800 ಮಿ.ಮೀ. ಆಳವನ್ನು ಒಯ್ಯುವುದು ದುಂದು. ನಮ್ಮ ತುಂಡು ಉದ್ದಕ್ಕೂ 800 ಮಿ.ಮೀ. ಆಳವಾಗಿದ್ದರೆ ಅದರ ತೂಕ ಸುಮಾರು 482 ಕಿಲೋ. ಟೇಪರ್ ಮಾಡಿದರೆ ಸುಮಾರು 407 ಕಿಲೋ. ಕಾರ್ಯಾಗಾರಕ್ಕೂ ಇದು ಅನುಕೂಲ: 1160 ಮಿ.ಮೀ. ಅಗಲದ ಪ್ಲೇಟಿನ ಮೇಲೆ ಒಂದೇ ಓರೆ ಕೊಯ್ತ ಹಾಕಿದರೆ, ಕೊಯ್ಯುವಾಗ ಹೋಗುವ ಅಂಚನ್ನು ಬಿಟ್ಟು, 780ರಿಂದ 380ಕ್ಕೆ ಇಳಿಯುವ ಎರಡು ವೆಬ್‌ಗಳು ಸಿಗುತ್ತವೆ, ಚೂರು ಉಳಿಯುವುದಿಲ್ಲ.

ಆದರೆ ಉಳಿದ ಈ 75 ಕಿಲೋ ಪೂರ್ತಿ ವೆಬ್ಬಿನದು. ಬೀಮ್ ಪಕ್ಕಕ್ಕೆ ವಾಲದಂತೆ ತಡೆಯುವುದರಲ್ಲಿ ವೆಬ್ಬಿನ ಪಾತ್ರ ಚಿಕ್ಕದು ಎಂಬುದನ್ನು ಇಲ್ಲಿಯೇ ಗಮನಿಸಿಟ್ಟುಕೊಳ್ಳಬೇಕು.

ಸ್ಟ್ರೆಸ್ ಮಿತಿಯೊಳಗಿದ್ದರೂ ಬೀಮ್ ಹೇಗೆ ವಿಫಲವಾಗುತ್ತದೆ?

ಉಕ್ಕಿನ ಅಡಿಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ತುದಿಯನ್ನು ಮೇಜಿಗೆ ಗಟ್ಟಿಯಾಗಿ ಹಿಡಿದು, ಇನ್ನೊಂದು ತುದಿಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ನೋಡಿ. ಪಟ್ಟಿ ಕೆಳಕ್ಕೆ ಬಾಗುವ ಬದಲು ಥಟ್ಟನೆ ಪಕ್ಕಕ್ಕೆ ಹೊರಳಿ ತಿರುಚಿಕೊಳ್ಳುತ್ತದೆ. ಬೆರಳು ತೆಗೆದರೆ ಮತ್ತೆ ನೇರವಾಗುತ್ತದೆ, ಅಂದರೆ ಲೋಹಕ್ಕೆ ಏನೂ ಆಗಿಲ್ಲ. ಐ ಆಕಾರದ ಬೀಮಿನಲ್ಲೂ ನಡೆಯುವುದು ಇದೇ. ಒತ್ತಲ್ಪಡುವ ಫ್ಲ್ಯಾಂಜ್ ಒಂದು ಉದ್ದನೆಯ ಕಂಬದಂತೆ ಪಕ್ಕಕ್ಕೆ ಬಳುಕಲು ನೋಡುತ್ತದೆ, ಎಳೆಯಲ್ಪಡುವ ಫ್ಲ್ಯಾಂಜ್ ಅದನ್ನು ತನ್ನ ಜಾಗದಲ್ಲಿ ಹಿಡಿದಿಡಲು ನೋಡುತ್ತದೆ, ಇವೆರಡರ ಜಗ್ಗಾಟದಲ್ಲಿ ಇಡೀ ಛೇದ (ಬೀಮಿನ ಅಡ್ಡಕೊಯ್ತದ ಆಕಾರ) ತಿರುಚಿಕೊಳ್ಳುತ್ತದೆ. ಇದನ್ನೇ ಲ್ಯಾಟರಲ್-ಟಾರ್ಷನಲ್ ಬಕ್ಲಿಂಗ್ ಎನ್ನುತ್ತಾರೆ. ಕಿರಿದಾದ ಆಯತಾಕಾರದ ಬೀಮಿಗೆ ಇದರ ಗಣಿತವನ್ನು 1899ರಲ್ಲಿ ಪ್ರಾಂಟ್ಲ್ ಮತ್ತು ಮಿಚೆಲ್ ಪರಸ್ಪರ ಅರಿಯದೆ ಬೇರೆ ಬೇರೆಯಾಗಿ ಬಿಡಿಸಿದರು. ಐ ಛೇದಕ್ಕೆ ಅದನ್ನು ವಿಸ್ತರಿಸಿದವರು ಟಿಮೊಶೆಂಕೊ.

ಆಳ ಹೆಚ್ಚಿಸಿದರೆ ಬಕ್ಲಿಂಗ್ ಪ್ರತಿರೋಧವೂ ಅಷ್ಟೇ ಹೆಚ್ಚುವುದಿಲ್ಲವೇ?

ಹೆಚ್ಚುತ್ತದೆ, ಆದರೆ ಬಾಗುವ ಸಾಮರ್ಥ್ಯ ಹೆಚ್ಚಿದಷ್ಟು ಹೆಚ್ಚುವುದಿಲ್ಲ. ನಮ್ಮ ತುಂಡಿನ ಎರಡು ತುದಿಗಳನ್ನು ಹೋಲಿಸಿ. ಆಳ 400ರಿಂದ 800ಕ್ಕೆ ಏರಿದಾಗ ಸೆಕ್ಷನ್ ಮಾಡ್ಯುಲಸ್ (ಬಾಗುವ ಸಾಮರ್ಥ್ಯದ ಅಳತೆ) 9.4 ಲಕ್ಷದಿಂದ 23.5 ಲಕ್ಷ ಘನ ಮಿ.ಮೀ.ಗೆ, ಅಂದರೆ ಸುಮಾರು ಎರಡೂವರೆ ಪಟ್ಟಿಗೆ ಏರುತ್ತದೆ. ಪಕ್ಕದ ದಿಕ್ಕಿನ ಜಡತ್ವದ ಮೊಮೆಂಟ್ (ಪಕ್ಕಕ್ಕೆ ಬಾಗದಂತೆ ತಡೆಯುವ ಬಿಗಿತದ ಅಳತೆ) ಮಾತ್ರ ಎರಡೂ ತುದಿಗಳಲ್ಲಿ ಹೆಚ್ಚುಕಡಿಮೆ ಒಂದೇ, ಏಕೆಂದರೆ ಅದು ಪೂರ್ತಿ ಫ್ಲ್ಯಾಂಜ್‌ಗಳಿಂದ ಬರುತ್ತದೆ. ತಿರುಚುವಿಕೆಯ ಬಿಗಿತ ಸ್ವಲ್ಪ ಏರುತ್ತದೆ. ವಾರ್ಪಿಂಗ್ ಬಿಗಿತ (ತಿರುಚುವಾಗ ಎರಡು ಫ್ಲ್ಯಾಂಜ್‌ಗಳು ಎದುರು ದಿಕ್ಕಿಗೆ ಬಾಗುವುದನ್ನು ತಡೆಯುವ ಬಿಗಿತ) ನಾಲ್ಕು ಪಟ್ಟು ಏರುತ್ತದೆ, ಆದರೆ ಅದು ಬಕ್ಲಿಂಗ್ ಸೂತ್ರದಲ್ಲಿ ವರ್ಗಮೂಲದ ಒಳಗೆ ಕೂತಿದೆ.

ಲೆಕ್ಕ ಹಾಕಿದರೆ, 6 ಮೀಟರ್ ಉದ್ದಕ್ಕೆ ಎಲ್ಲೂ ಪಕ್ಕದ ಆಸರೆ ಇಲ್ಲದಿದ್ದಾಗ, ಉದ್ದಕ್ಕೂ 400 ಮಿ.ಮೀ. ಆಳವಿರುವ ಬೀಮಿನ ಕ್ರಾಂತಿಕ ಮೊಮೆಂಟ್ (ಬಕ್ಲಿಂಗ್ ಶುರುವಾಗುವ ಮೊಮೆಂಟ್) ಸುಮಾರು 177, ಉದ್ದಕ್ಕೂ 800 ಮಿ.ಮೀ. ಆಳವಿರುವ ಬೀಮಿನದು ಸುಮಾರು 314 ಕಿಲೋನ್ಯೂಟನ್-ಮೀಟರ್. ಏರಿಕೆ 1.77 ಪಟ್ಟು ಮಾತ್ರ. ಬಾಗುವ ಸಾಮರ್ಥ್ಯ ಎರಡೂವರೆ ಪಟ್ಟು ಏರಿದಾಗ ಬಕ್ಲಿಂಗ್ ಪ್ರತಿರೋಧ ಅದಕ್ಕಿಂತ ಕಡಿಮೆ ಏರಿದರೆ, ಆಳವಾದ ತುದಿಯೇ ಬಕ್ಲಿಂಗಿನ ದೃಷ್ಟಿಯಿಂದ ಹೆಚ್ಚು ಸಪೂರ ಎಂದಾಯಿತು. ಕಣ್ಣಿಗೆ ಭೀಮಕಾಯವಾಗಿ ಕಾಣುವ ತುದಿಯೇ ಮೊದಲು ವಾಲುವ ತುದಿ ಎಂಬ ಈ ವಿಚಿತ್ರವನ್ನು ಒಪ್ಪಿಕೊಳ್ಳದವರು ಟೇಪರ್ ಬೀಮಿನ ವಿನ್ಯಾಸದಲ್ಲಿ ಪದೇ ಪದೇ ಎಡವುತ್ತಾರೆ.

ಮೊಮೆಂಟ್ ಇಳಿಯುತ್ತಾ ಹೋಗುವುದರಿಂದ ಸಿಗುವ ಲಾಭವನ್ನು ಟೇಪರ್ ಬೀಮಿಗೂ ತೆಗೆದುಕೊಳ್ಳಬಹುದೇ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ವ್ಯವಧಾನವಿದ್ದರೆ ಇದನ್ನು ಓದಿ.

ಉದ್ದಕ್ಕೂ ಒಂದೇ ಛೇದವಿರುವ ಬೀಮಿನಲ್ಲಿ ಮೊಮೆಂಟ್ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ, ಫ್ಲ್ಯಾಂಜಿನ ಸ್ವಲ್ಪ ಭಾಗ ಮಾತ್ರ ಗರಿಷ್ಠವಾಗಿ ಒತ್ತಲ್ಪಡುತ್ತದೆ. ಉಳಿದ ಭಾಗ ಅದನ್ನು ಹಿಡಿದುಕೊಳ್ಳುತ್ತದೆ. ಈ ಕಾರಣಕ್ಕೆ ಕ್ರಾಂತಿಕ ಮೊಮೆಂಟನ್ನು ಒಂದಕ್ಕಿಂತ ದೊಡ್ಡ ಗುಣಕದಿಂದ ಹೆಚ್ಚಿಸಿಕೊಳ್ಳಲು ವಿನ್ಯಾಸ ಸಂಹಿತೆಗಳು ಅವಕಾಶ ಕೊಡುತ್ತವೆ. ಇದಕ್ಕೆ ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ: ಚಿಕ್ಕ ಮತ್ತು ದೊಡ್ಡ ಮೌಲ್ಯಗಳ ಅನುಪಾತದ 1.05 ಪಟ್ಟನ್ನು 1.75ರಿಂದ ಕಳೆದು, ಆ ಅನುಪಾತದ ವರ್ಗದ 0.3 ಪಟ್ಟನ್ನು ಕೂಡಿಸುವುದು, ಮಿತಿ 2.3. ನಮ್ಮ ಮೊಮೆಂಟ್‌ಗಳ ಅನುಪಾತ 160 ಭಾಗಿಸು 400, ಅಂದರೆ 0.4. ಗುಣಕ 1.38. ಶೇಕಡ 38ರಷ್ಟು ಪುಕ್ಕಟೆ ಸಾಮರ್ಥ್ಯ ಸಿಕ್ಕಿತು ಎಂದು ಸಂತೋಷಪಡುವ ಮುನ್ನ ಸ್ಟ್ರೆಸ್‌ಗಳನ್ನು ನೋಡಬೇಕು.

ಆಳದ ತುದಿಯಲ್ಲಿ ಸ್ಟ್ರೆಸ್ 170 ಎಂಪಿಎ. ಕಿರಿದಾದ ತುದಿಯಲ್ಲಿಯೂ 170 ಎಂಪಿಎ. ನಡುವೆ, ಆಳ 600 ಇರುವಲ್ಲಿ, ಮೊಮೆಂಟ್ 280 ಇರುವಾಗ, ಸ್ಟ್ರೆಸ್ 176 ಎಂಪಿಎ. ಮೊಮೆಂಟ್ ಇಳಿದಂತೆ ನಾವೇ ಆಳವನ್ನೂ ಇಳಿಸಿದ್ದರಿಂದ ಒತ್ತಲ್ಪಡುವ ಫ್ಲ್ಯಾಂಜ್ ಉದ್ದಕ್ಕೂ ಸಮವಾಗಿ ದುಡಿಯುತ್ತಿದೆ. ಯಾರೂ ಯಾರನ್ನೂ ಹಿಡಿದುಕೊಳ್ಳುವ ಸ್ಥಿತಿಯಲ್ಲಿಲ್ಲ. ಅದೇ ಸೂತ್ರಕ್ಕೆ ಸ್ಟ್ರೆಸ್‌ಗಳ ಅನುಪಾತವಾದ 1ನ್ನು ಹಾಕಿದರೆ ಗುಣಕ ಸರಿಯಾಗಿ 1.0 ಬರುತ್ತದೆ. ಆ 38ರಲ್ಲಿ ಒಂದು ಅಂಶವೂ ಉಳಿಯಲಿಲ್ಲ.

ಆದ್ದರಿಂದ ಟೇಪರ್ ಬೀಮಿನಲ್ಲಿ ಈ ಗುಣಕವನ್ನು ಮೊಮೆಂಟಿನಿಂದಲ್ಲ, ಫ್ಲ್ಯಾಂಜಿನ ಸ್ಟ್ರೆಸ್‌ನಿಂದ ಲೆಕ್ಕ ಹಾಕಬೇಕು. ಟೇಪರ್ ಎಷ್ಟು ಚೆನ್ನಾಗಿ ಮೊಮೆಂಟಿಗೆ ಹೊಂದಿಕೊಂಡಿರುತ್ತದೋ ಅಷ್ಟರಮಟ್ಟಿಗೆ ಈ ಲಾಭ ಕರಗುತ್ತದೆ. ವೆಬ್ಬಿನಲ್ಲಿ ಉಳಿಸಿದ ಉಕ್ಕಿನ ಬೆಲೆಯನ್ನು ಇಲ್ಲಿ ತೆತ್ತಿರುತ್ತೇವೆ.

ಐಎಸ್ 800:2007 ಟೇಪರ್ ಬೀಮಿಗೆ ಏನು ಹೇಳುತ್ತದೆ?

ಉಕ್ಕಿನ ಕಟ್ಟಡಗಳಿಗಿರುವ ಈ ಭಾರತೀಯ ಸಂಹಿತೆಯ ಕಲಂ 8.2.2ರ ಕ್ರಾಂತಿಕ ಮೊಮೆಂಟ್ ಸೂತ್ರ ಉದ್ದಕ್ಕೂ ಒಂದೇ ಛೇದವಿರುವ ಬೀಮನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಟೇಪರ್ ಬೀಮಿಗೆ ಅದನ್ನು ಯಥಾವತ್ತಾಗಿ ಬಳಸುವಂತಿಲ್ಲ, ಆದರೆ ಅದರ ಚೌಕಟ್ಟನ್ನು ಬಳಸಬಹುದು. ಆ ಚೌಕಟ್ಟಿಗೆ ಬೇಕಾದದ್ದು ಎರಡೇ ಗುಣಕಗಳು. ಲೋಡನ್ನು ಎಷ್ಟು ಪಟ್ಟು ಹೆಚ್ಚಿಸಿದರೆ ಅತಿ ಹೆಚ್ಚು ದುಡಿಯುತ್ತಿರುವ ಛೇದ ಯೀಲ್ಡ್ ಆಗುತ್ತದೆ ಎಂಬುದು ಮೊದಲನೆಯದು. ಎಷ್ಟು ಪಟ್ಟು ಹೆಚ್ಚಿಸಿದರೆ ಇಡೀ ತುಂಡು ಸ್ಥಿತಿಸ್ಥಾಪಕವಾಗಿ ಬಕಲ್ ಆಗುತ್ತದೆ ಎಂಬುದು ಎರಡನೆಯದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಪೂರತೆ ಸಿಗುತ್ತದೆ. ಅಲ್ಲಿಂದ ಮುಂದೆ ಸಂಹಿತೆಯ ಬಕ್ಲಿಂಗ್ ವಕ್ರರೇಖೆ; ಸಪೂರತೆಗೆ ತಕ್ಕಂತೆ ಸಾಮರ್ಥ್ಯವನ್ನು ಎಷ್ಟು ಇಳಿಸಬೇಕೆಂದು ಅದು ಹೇಳುತ್ತದೆ. ಬೆಸೆದು ಮಾಡಿದ ಬೀಮಿಗೆ ದೋಷ ಗುಣಾಂಕ (ತಯಾರಿಕೆಯ ಕುಂದುಗಳನ್ನು ಲೆಕ್ಕಕ್ಕೆ ತರುವ ಸಂಖ್ಯೆ) 0.49, ರೋಲ್ ಮಾಡಿದ ಬೀಮಿಗಿರುವ 0.21ನ್ನು ಇಲ್ಲಿ ಬಳಸಬಾರದು. ಯುರೋಪಿನ ಉಕ್ಕಿನ ಸಂಹಿತೆಯಾದ ಯುರೋಕೋಡ್ 3ರ ಕಲಂ 6.3.4ರ ಸಾಮಾನ್ಯ ವಿಧಾನದ ತಿರುಳೂ ಇದೇ. ಅಮೆರಿಕದ ಉಕ್ಕು ನಿರ್ಮಾಣ ಸಂಸ್ಥೆಯಾದ ಎಐಎಸ್‌ಸಿ 2011ರಲ್ಲಿ ಹೊರತಂದ 25ನೇ ವಿನ್ಯಾಸ ಮಾರ್ಗದರ್ಶಿ ಟೇಪರ್ ಫ್ರೇಮುಗಳಿಗೆಂದೇ ಇದನ್ನು ವಿಸ್ತಾರವಾಗಿ ಬೆಳೆಸಿದೆ.

ಕೈಲೆಕ್ಕದಲ್ಲಿ ಇದನ್ನು ಮಾಡಿ ತೋರಿಸಬಹುದೇ?

ಒಂದೇ ಇಳಿಜಾರಿನ, ನಡುವೆ ಪ್ಲೇಟ್ ಬದಲಾಗದ ತುಂಡಿಗೆ, ಆಸರೆಗಳ ನಡುವಿನ ಮಧ್ಯದ ಛೇದದ ಗುಣಗಳನ್ನು ತೆಗೆದುಕೊಂಡು, ಸ್ಟ್ರೆಸ್ ಆಧಾರಿತ ಗುಣಕವನ್ನು ಬಳಸುವುದು ಒಪ್ಪಬಹುದಾದ ಅಂದಾಜು.

ಮೊದಲು 6 ಮೀಟರಿಗೆ ಎಲ್ಲೂ ಆಸರೆ ಇಲ್ಲ ಎಂದುಕೊಳ್ಳಿ. ಮಧ್ಯದ 600 ಮಿ.ಮೀ. ಆಳದ ಛೇದಕ್ಕೆ ಕ್ರಾಂತಿಕ ಮೊಮೆಂಟ್ ಸುಮಾರು 244. ಅಲ್ಲಿರುವ ಮೊಮೆಂಟ್ 280. ಬಕ್ಲಿಂಗ್ ಗುಣಕ 0.87. ಯೀಲ್ಡ್ ಗುಣಕ 345 ಭಾಗಿಸು 176, ಅಂದರೆ 1.96. ಸಪೂರತೆ 1.50. ವಕ್ರರೇಖೆಯಿಂದ ಇಳಿಕೆ ಗುಣಕ 0.31. ಸುರಕ್ಷತಾ ಗುಣಕ 1.10ರಿಂದ ಭಾಗಿಸಿದ ಮೇಲೆ ಉಳಿಯುವ ಸಾಮರ್ಥ್ಯ, ಬೇಕಾದುದರ 0.56 ಪಟ್ಟು. ಹತ್ತಿರವೂ ಇಲ್ಲ.

ಈಗ ನಡುವೆ, 3 ಮೀಟರಿಗೆ, ಒತ್ತಲ್ಪಡುವ ಫ್ಲ್ಯಾಂಜಿಗೆ ಒಂದೇ ಒಂದು ಆಸರೆ ಕೊಡಿ. ಆಳದ ಕಡೆಯ ಅರ್ಧದ ಮಧ್ಯದಲ್ಲಿ ಆಳ 700, ಮೊಮೆಂಟ್ 340, ಕ್ರಾಂತಿಕ ಮೊಮೆಂಟ್ ಸುಮಾರು 1036. ಬಕ್ಲಿಂಗ್ ಗುಣಕ 0.87ರಿಂದ 3.05ಕ್ಕೆ ಜಿಗಿಯಿತು. ಸಪೂರತೆ ಸುಮಾರು 0.81, ಇಳಿಕೆ ಗುಣಕ 0.66, ಉಳಿಯುವ ಸಾಮರ್ಥ್ಯ ಬೇಕಾದುದರ 1.17 ಪಟ್ಟು. ಕಿರಿದಾದ ಅರ್ಧವನ್ನೂ ಹೀಗೆಯೇ ಪರಿಶೀಲಿಸಬೇಕು.

ಆ ಆಸರೆ ಎಂದರೆ ಐದೈದು ಕಿಲೋ ತೂಗುವ ಎರಡು ಸಣ್ಣ ಆ್ಯಂಗಲ್‌ಗಳು (ಎಲ್ ಆಕಾರದ ಉಕ್ಕಿನ ಪಟ್ಟಿಗಳು). ಅದೇ ಫಲವನ್ನು ಫ್ಲ್ಯಾಂಜ್ ಅಗಲ ಮಾಡಿ ಪಡೆಯಲು ಹೊರಟರೆ ಎಷ್ಟು ಉಕ್ಕು ಬೇಕೆಂದು ಲೆಕ್ಕ ಹಾಕಿದವರು ಆಸರೆಯ ಬಗ್ಗೆ ಮತ್ತೆ ಜಿಪುಣತನ ಮಾಡುವುದಿಲ್ಲ.

ಪರ್ಲಿನ್‌ಗಳು ಇದ್ದೇ ಇವೆಯಲ್ಲ, ಅವೇ ಆಸರೆ ಆಗುವುದಿಲ್ಲವೇ?

ಪರ್ಲಿನ್‌ಗಳು (ಛಾವಣಿಯ ಶೀಟನ್ನು ಹೊರಲು ರಾಫ್ಟರಿನಿಂದ ರಾಫ್ಟರಿಗೆ ಹಾಯುವ ಅಡ್ಡಪಟ್ಟಿಗಳು) ಹಿಡಿಯುವುದು ಮೇಲಿನ ಫ್ಲ್ಯಾಂಜನ್ನು. ಕಂಬದ ಬಳಿ, ಭಾರ ಕೆಳಕ್ಕೆ ಬಿದ್ದಾಗ, ಒತ್ತಲ್ಪಡುವುದು ಕೆಳಗಿನ ಫ್ಲ್ಯಾಂಜ್. ಅದನ್ನು ಹಿಡಿಯಲು ಪರ್ಲಿನ್ನಿನಿಂದ ಓರೆಯಾಗಿ ಕೆಳಗಿನ ಫ್ಲ್ಯಾಂಜಿಗೆ ಇಳಿಯುವ ಆ್ಯಂಗಲ್ ಬೇಕು. ಸೈಟಿನಲ್ಲಿ ಇದನ್ನು ಫ್ಲೈ ಬ್ರೇಸ್ ಅಥವಾ ಫ್ಲ್ಯಾಂಜ್ ಬ್ರೇಸ್ ಎನ್ನುತ್ತಾರೆ. ಐಎಸ್ 800ರ ಪ್ರಕಾರ ಆಸರೆಯು ಒತ್ತಲ್ಪಡುವ ಫ್ಲ್ಯಾಂಜಿನ ಗರಿಷ್ಠ ಬಲದ ಕನಿಷ್ಠ ಶೇಕಡ 2.5ರಷ್ಟನ್ನು ತಡೆಯಬೇಕು. ನಮ್ಮ ಫ್ಲ್ಯಾಂಜಿನ ಬಲ ಸುಮಾರು 336 ಕಿಲೋನ್ಯೂಟನ್, ಶೇಕಡ 2.5 ಎಂದರೆ 8.4 ಕಿಲೋನ್ಯೂಟನ್. ದೊಡ್ಡ ಬಲವೇನಲ್ಲ, ಆದರೆ ಅದು ಪರ್ಲಿನ್ನಿನ ಮೂಲಕ ಮೇಲ್ಛಾವಣಿಯ ಬ್ರೇಸಿಂಗ್ (ಬಿಗಿಯಾಗಿಸುವ ಓರೆಪಟ್ಟಿಗಳು) ಇರುವ ಅಂಕಣದವರೆಗೂ, ಅಂದರೆ ಎರಡು ಫ್ರೇಮುಗಳ ನಡುವಿನ ಜಾಗದವರೆಗೂ, ಹೋಗಿ ನೆಲ ಮುಟ್ಟಬೇಕು. ಹತ್ತು ರಾಫ್ಟರುಗಳೂ ಒಟ್ಟಿಗೆ ಒಂದೇ ಕಡೆಗೆ ವಾಲಲು ಬಿಡುವ ಪರ್ಲಿನ್ ಸಾಲು ಆಸರೆಯೇ ಅಲ್ಲ.

ಒಂದು ಗೋದಾಮನ್ನು ನೋಡಲು ಹೋದಾಗ ರಾಫ್ಟರಿನ ಕೆಳ ಫ್ಲ್ಯಾಂಜಿನ ಪಕ್ಕ ಸಾಲಾಗಿ ಕ್ಲೀಟುಗಳಿದ್ದವು (ಆ್ಯಂಗಲ್ ಬಿಗಿಯುವ ಚಿಕ್ಕ ಪ್ಲೇಟುಗಳು), ರಂಧ್ರಗಳಿದ್ದವು, ಬಣ್ಣವೂ ಹಾಗೆಯೇ ಇತ್ತು. ಆ್ಯಂಗಲ್‌ಗಳು ಮಾತ್ರ ಇರಲಿಲ್ಲ. ಕೇಬಲ್ ಟ್ರೇ ಎಳೆಯಲು ಅಡ್ಡಬಂದವೆಂದು ಬಿಚ್ಚಿದ್ದರಂತೆ. ಗೋಡೆಯ ಮೂಲೆಯಲ್ಲಿ ಕಟ್ಟು ಕಟ್ಟಿ ಇಟ್ಟಿದ್ದರು, ಒಂದೂ ಕಳೆದಿರಲಿಲ್ಲ.

ಗಾಳಿಗೆ ಬೇರೆ ಪರಿಶೀಲನೆ ಬೇಕೇ?

ಖಂಡಿತ ಬೇಕು. ಹಗುರವಾದ ಛಾವಣಿಯಲ್ಲಿ ಶೀಟು ಮತ್ತು ಪರ್ಲಿನ್ ಸೇರಿ ಚದರ ಮೀಟರಿಗೆ ಹತ್ತು-ಹದಿನೈದು ಕಿಲೋ. ಗಾಳಿಯ ಭಾರ ಹೇಳುವ ಭಾರತೀಯ ಸಂಹಿತೆಯಾದ ಐಎಸ್ 875ರ ಮೂರನೇ ಭಾಗದಂತೆ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಇತರ ಗುಣಕಗಳನ್ನೆಲ್ಲ 1 ಎಂದುಕೊಂಡರೆ ಒತ್ತಡ ಚದರ ಮೀಟರಿಗೆ ಕ್ರಮವಾಗಿ ಸುಮಾರು 653 ಮತ್ತು 913 ನ್ಯೂಟನ್; ವೇಗದ ವ್ಯತ್ಯಾಸ ಶೇಕಡ 18, ಒತ್ತಡದ ವ್ಯತ್ಯಾಸ ಶೇಕಡ 40. ಗಾಳಿ ಮೇಲಕ್ಕೆ ಹೀರಿದಾಗ ಛಾವಣಿಯ ಸ್ವಂತ ತೂಕ ಅದನ್ನು ತಡೆಯಲು ಸಾಲದು, ಮೊಮೆಂಟ್‌ಗಳು ತಿರುವುಮುರುವಾಗುತ್ತವೆ. ಆಗ ಕಂಬದ ಬಳಿ ಮೇಲಿನ ಫ್ಲ್ಯಾಂಜ್, ಛಾವಣಿಯ ನೆತ್ತಿಯ ಬಳಿ ಕೆಳಗಿನ ಫ್ಲ್ಯಾಂಜ್ ಒತ್ತಲ್ಪಡುತ್ತದೆ. ನೆತ್ತಿಯ ಬಳಿ ಫ್ಲೈ ಬ್ರೇಸ್ ಅನಗತ್ಯ ಎಂದು ಬಿಟ್ಟವರನ್ನು ಹಿಡಿಯುವುದು ಈ ಪರಿಶೀಲನೆಯೇ. ಬೆಂಗಳೂರಿಗೆ ಮಾಡಿದ ನಕ್ಷೆಯನ್ನು ಕರಾವಳಿಗೆ ಹಾಗೆಯೇ ಒಯ್ಯುವವರಿಗೂ ಈ ಮಾತು ಅನ್ವಯಿಸುತ್ತದೆ.

ತಂತ್ರಾಂಶದಲ್ಲಿ ಟೇಪರನ್ನು ಸಣ್ಣ ಸಣ್ಣ ನೇರ ತುಂಡುಗಳಾಗಿ ಮಾಡಿದರೆ ಸಾಕಲ್ಲವೇ?

ಬಾಗುವಿಕೆಗೆ ಮತ್ತು ಮೊಮೆಂಟ್ ಹಂಚಿಕೆಗೆ ಸಾಕು. ಬಕ್ಲಿಂಗಿಗೆ ಸಾಲದಿರಬಹುದು. ಟೇಪರ್ ಬೀಮಿನ ಫ್ಲ್ಯಾಂಜ್ ಓರೆಯಾಗಿರುತ್ತದೆ. ಬೀಮ್ ತಿರುಚಿಕೊಂಡಾಗ ಆ ಓರೆ ಫ್ಲ್ಯಾಂಜಿನ ಬಲದಿಂದ ಹೆಚ್ಚುವರಿ ತಿರುಚು ಹುಟ್ಟುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ನೇರ ತುಂಡುಗಳಲ್ಲಿ ಫ್ಲ್ಯಾಂಜ್ ಎಲ್ಲೂ ಓರೆಯಾಗಿಲ್ಲ, ಆದ್ದರಿಂದ ತುಂಡುಗಳ ಸಂಖ್ಯೆಯನ್ನು ಎಷ್ಟೇ ಹೆಚ್ಚಿಸಿದರೂ ಆ ಪರಿಣಾಮ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಕಿಟಿಪೋರ್ನ್‌ಚಾಯ್ ಮತ್ತು ಟ್ರಾಹೇರ್ 1972ರಷ್ಟು ಹಿಂದೆಯೇ ಸಿದ್ಧಾಂತದಲ್ಲಿ ಸೇರಿಸಿದ್ದರು. ಇಳಿಜಾರು ಸೌಮ್ಯವಾಗಿದ್ದರೆ ವ್ಯತ್ಯಾಸ ಸಣ್ಣದು; ಕಡಿದಾದ ಟೇಪರಿಗೆ ಶೆಲ್ ಮಾದರಿಯನ್ನಾಗಲಿ (ಬೀಮಿನ ಪ್ಲೇಟುಗಳನ್ನೇ ಸಣ್ಣ ಚೂರುಗಳಾಗಿ ಲೆಕ್ಕಕ್ಕೆ ತರುವ ಮಾದರಿ) ಟೇಪರಿಗೆಂದೇ ರೂಪಿಸಿದ ಬೀಮ್ ಅಂಶವನ್ನಾಗಲಿ ಬಳಸುವುದು ಒಳ್ಳೆಯದು. ನಮ್ಮ ಸಾಮಾನ್ಯ ಫ್ರೇಮ್ ತಂತ್ರಾಂಶಗಳಲ್ಲಿ ಇನ್ನೊಂದು ಬಲೆ ಇದೆ: ಆಸರೆಯಿಲ್ಲದ ಉದ್ದವನ್ನು ನಾವೇ ತುಂಬಬೇಕು. ರಾಫ್ಟರನ್ನು ಎಂಟು ತುಂಡು ಮಾಡಿದಾಗ, ಹೇಳದಿದ್ದರೆ, ಪ್ರತಿ ತುಂಡಿನ ಉದ್ದವನ್ನೇ ಆಸರೆಗಳ ನಡುವಿನ ಅಂತರವೆಂದು ಅದು ಭಾವಿಸಿಬಿಡುತ್ತದೆ, ಮತ್ತು ಎಲ್ಲವೂ ಹಸಿರಾಗಿ ಕಾಣುತ್ತದೆ.

ವೆಬ್ ಎಷ್ಟು ತೆಳ್ಳಗಿರಬಹುದು?

ನಮ್ಮ ಉದಾಹರಣೆಯ 8 ಮಿ.ಮೀ. ವೆಬ್ಬಿನ ಆಳ ಮತ್ತು ದಪ್ಪದ ಅನುಪಾತ ಕಿರಿದಾದ ತುದಿಯಲ್ಲಿ 47.5, ಆಳದ ತುದಿಯಲ್ಲಿ 97.5. ಈ ಉಕ್ಕಿಗೆ ಸೆಮಿ-ಕಾಂಪ್ಯಾಕ್ಟ್ ಮಿತಿ (ಇದನ್ನು ಮೀರಿದರೆ ಯೀಲ್ಡ್ ಆಗುವ ಮುನ್ನವೇ ವೆಬ್ ಬಕಲ್ ಆಗಬಹುದು) ಸುಮಾರು 107. ಆದ್ದರಿಂದ ಉದ್ದಕ್ಕೂ ಅದು ಮಿತಿಯೊಳಗಿದೆ. 6 ಮಿ.ಮೀ. ಮಾಡಿದರೆ ಅನುಪಾತ 63ರಿಂದ 130ಕ್ಕೆ ಏರುತ್ತದೆ; ಒಂದೇ ಬೀಮಿನ ವೆಬ್ ಒಂದು ತುದಿಯಲ್ಲಿ ಅತಿ ಗಟ್ಟಿಯಾದ ಪ್ಲಾಸ್ಟಿಕ್ ವರ್ಗದಲ್ಲಿದ್ದು ಇನ್ನೊಂದು ತುದಿಯಲ್ಲಿ ಮಿತಿ ಮೀರಿ ಸ್ಲೆಂಡರ್ (ಅತಿ ತೆಳು) ಆಗಿಬಿಡುತ್ತದೆ. ವರ್ಗೀಕರಣವನ್ನು ಒಂದೇ ಛೇದದಲ್ಲಿ ಮಾಡಿ ಮುಗಿಸುವಂತಿಲ್ಲ.

ಶಿಯರ್ (ಛೇದವನ್ನು ಕತ್ತರಿಸುವಂತೆ ದೂಡುವ ಬಲ) ತರುವ ಬಕ್ಲಿಂಗ್ ಇನ್ನೂ ಕಟುವಾಗಿದೆ. ನಡುವೆ ಸ್ಟಿಫ್ನರ್ (ವೆಬ್ಬನ್ನು ಬಿಗಿಯಾಗಿಸಲು ಬೆಸೆಯುವ ಪ್ಲೇಟು) ಇಲ್ಲದಿದ್ದರೆ, ಆಳದ ತುದಿಯಲ್ಲಿ 8 ಮಿ.ಮೀ. ವೆಬ್ ಸುಮಾರು 577 ಕಿಲೋನ್ಯೂಟನ್ ತಾಳುತ್ತದೆ, 6 ಮಿ.ಮೀ. ವೆಬ್ ಸುಮಾರು 243. ದಪ್ಪ ಕಾಲುಭಾಗ ಇಳಿದರೆ ಸಾಮರ್ಥ್ಯ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಏಕೆಂದರೆ ಈ ವ್ಯಾಪ್ತಿಯಲ್ಲಿ ಅದು ದಪ್ಪದ ಘನವನ್ನು ಅನುಸರಿಸುತ್ತದೆ.

ಓರೆ ಫ್ಲ್ಯಾಂಜ್ ಶಿಯರನ್ನು ಹಂಚಿಕೊಳ್ಳುತ್ತದೆ ಎನ್ನುತ್ತಾರಲ್ಲ?

ಹೌದು. ಒಂದು ಫ್ಲ್ಯಾಂಜ್ ಮಾತ್ರ ಓರೆಯಾಗಿದ್ದರೆ ನಮ್ಮ ಇಳಿಜಾರು 15ಕ್ಕೆ 1. 336 ಕಿಲೋನ್ಯೂಟನ್ ಬಲದ ಲಂಬ ಅಂಶ ಸುಮಾರು 22. ಮೊಮೆಂಟಿನ ಇಳಿಕೆಯಿಂದ ಬರುವ ಒಟ್ಟು ಶಿಯರ್ 40 ಕಿಲೋನ್ಯೂಟನ್ ಆದ್ದರಿಂದ ವೆಬ್ಬಿಗೆ ಉಳಿಯುವುದು 18. ಆದರೆ ಮೊಮೆಂಟ್ ಕಡಿಮೆಯಾಗುವ ದಿಕ್ಕಿನಲ್ಲಿ ಆಳ ಹೆಚ್ಚುವ ಬೀಮಿನಲ್ಲಿ ಇದೇ ಅಂಶ ವೆಬ್ಬಿನ ಮೇಲೆ ಹೆಚ್ಚುವರಿಯಾಗಿ ಬೀಳುತ್ತದೆ. ಓರೆ ಮುಗಿದು ಫ್ಲ್ಯಾಂಜ್ ನೇರವಾಗುವ ಮುರಿವಿನಲ್ಲಿ ಆ 22 ಕಿಲೋನ್ಯೂಟನ್ ವೆಬ್ಬನ್ನು ಒತ್ತುತ್ತದೆ ಅಥವಾ ಎಳೆಯುತ್ತದೆ. ಅಲ್ಲಿ ಸ್ಟಿಫ್ನರ್ ಕೊಡಿ.

ಆಳದ ಬದಲು ಫ್ಲ್ಯಾಂಜಿನ ಅಗಲವನ್ನು ಟೇಪರ್ ಮಾಡಬಹುದೇ?

ಮಾಡಬಹುದು, ಆದರೆ ಬಕ್ಲಿಂಗ್ ಮುಖ್ಯವಾಗಿರುವಲ್ಲಿ ಮಾಡದಿರುವುದೇ ಮೇಲು. ಅಗಲ ಅರ್ಧವಾದರೆ ಪಕ್ಕದ ಬಿಗಿತ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಪೆಟ್ರೋಲ್ ಬಂಕಿನ ಛಾವಣಿಯಂಥ ಕ್ಯಾಂಟಿಲಿವರಿಗೂ ಇದೇ ನಿಯಮವೇ?

ಒಂದೇ ತುದಿಯಲ್ಲಿ ಹಿಡಿದು ಇನ್ನೊಂದು ತುದಿ ತೂಗುವ ಬೀಮ್, ಅಂದರೆ ಕ್ಯಾಂಟಿಲಿವರ್, ಇರುವಲ್ಲಿ ಒಂದು ವ್ಯತ್ಯಾಸವಿದೆ. ಕ್ಯಾಂಟಿಲಿವರ್ ವಾಲುವಾಗ ಹೆಚ್ಚು ಪಕ್ಕಕ್ಕೆ ಸರಿಯುವುದು ಎಳೆಯಲ್ಪಡುವ ಮೇಲಿನ ಫ್ಲ್ಯಾಂಜ್. ಆದ್ದರಿಂದ ತುದಿಯಲ್ಲಿ ಮೇಲಿನ ಫ್ಲ್ಯಾಂಜನ್ನು ಹಿಡಿಯುವುದು ಹೆಚ್ಚು ಫಲಕಾರಿ. ತುದಿಯಲ್ಲಿ ಭಾರ ಮೇಲಿನ ಫ್ಲ್ಯಾಂಜಿನ ಮೇಲೆ ಕೂತು, ಆ ಫ್ಲ್ಯಾಂಜ್ ಪಕ್ಕಕ್ಕೆ ಸರಿಯಲು ಮುಕ್ತವಾಗಿದ್ದರೆ, ವಾಲಿದಂತೆಲ್ಲ ಭಾರವೇ ಇನ್ನಷ್ಟು ವಾಲಿಸುತ್ತದೆ. ಪರಿಣಾಮಕಾರಿ ಉದ್ದವನ್ನು (ಬಕ್ಲಿಂಗ್ ಲೆಕ್ಕದಲ್ಲಿ ಹಿಡಿಯುವ ಆಸರೆಯಿಲ್ಲದ ಉದ್ದ) ಸಂಹಿತೆಯ ಪ್ರಕಾರ ಹೆಚ್ಚಿಸಬೇಕು.

ನಿರ್ಮಾಣದ ಹೊತ್ತಿನಲ್ಲಿ ಏನು ಎಚ್ಚರ ವಹಿಸಬೇಕು?

ವಿನ್ಯಾಸದಲ್ಲಿ ನಾವು ನಂಬಿದ ಒಂದೂ ಆಸರೆ ಆ ಹೊತ್ತಿನಲ್ಲಿ ಇರುವುದಿಲ್ಲ. ಕ್ರೇನ್ ರಾಫ್ಟರನ್ನು ಎತ್ತಿ ಕೂರಿಸಿ ಕೊಂಡಿ ಬಿಡಿಸಿದ ಕ್ಷಣ, ಆಸರೆಯಿಲ್ಲದ ಉದ್ದವೆಂದರೆ ಕಂಬದಿಂದ ಕಂಬದವರೆಗಿನ ಪೂರ್ತಿ ಉದ್ದ. ಆದ್ದರಿಂದ ಬ್ರೇಸಿಂಗ್ ಇರುವ ಅಂಕಣದ ಎರಡು ಫ್ರೇಮುಗಳನ್ನು ಮೊದಲು ನಿಲ್ಲಿಸಿ, ಅವುಗಳ ನಡುವೆ ಪರ್ಲಿನ್, ಛಾವಣಿ ಬ್ರೇಸಿಂಗ್ ಮತ್ತು ಫ್ಲೈ ಬ್ರೇಸ್‌ಗಳನ್ನು ಪೂರ್ತಿಯಾಗಿ ಬಿಗಿದು, ಆ ಪೆಟ್ಟಿಗೆಗೆ ಮುಂದಿನ ಫ್ರೇಮುಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋಗಬೇಕು. ಎರಡನೇ ಫ್ರೇಮ್ ಬರುವ ತನಕ ಮೊದಲನೆಯದನ್ನು ಎರಡೂ ಕಡೆಯಿಂದ ತಂತಿಹಗ್ಗಗಳಿಂದ ನೆಲಕ್ಕೆ ಬಿಗಿದಿರಬೇಕು. ಫ್ಲೈ ಬ್ರೇಸ್‌ಗಳನ್ನು ಶೀಟು ಹೊದಿಸಿದ ಮೇಲೆ ಹಾಕೋಣ ಎಂದು ಮುಂದೂಡಬಾರದು. ನಕ್ಷೆಯಲ್ಲಿ ಅವುಗಳ ಸಂಖ್ಯೆಯನ್ನು ಪ್ರತಿ ರಾಫ್ಟರಿಗೂ ಬರೆದು, ಕೊಂಡಿ ಬಿಡಿಸುವ ಮುನ್ನ ಎಷ್ಟು ಬಿಗಿದಿರಬೇಕು ಎಂಬುದನ್ನೂ ಅಲ್ಲಿಯೇ ನಮೂದಿಸಿದರೆ, ಸೈಟಿನಲ್ಲಿರುವವರು ಎಣಿಸಿ ನೋಡಿಕೊಳ್ಳಬಹುದು.